ಎಲ್ಲ ಖಾಕಿ ಕೋಟೂ ಹೈಫಾದ್ದಲ್ಲ

ಮೊದಲು ನಮ್ಮ ತಪ್ಪು ಒಪ್ಪಿಕೊಂಡುಬಿಡುತ್ತೇವೆ. ಕೆ.ಆರ್. ಪುರದಾಚೆ, ಹಳೇ ಮದ್ರಾಸ್ ರಸ್ತೆ ಬದಿಯ ಹಳ್ಳಿಯಿಂದ ಖಾಕಿ ಕೋಟಿನ ಫೋಟೊ ವಾಟ್ಸಾಪ್‌ನಲ್ಲಿ ಬಂತು. ‘ನಮ್ಮ ತಾತ ಯುದ್ಧಕ್ಕೆ ಹೋದಾಗಿನದು’ ಅಂದರು ಮನೆಯವರು. ನಾವು ಹಿಂದೆಮುಂದೆ ನೋಡದೆ ‘ಹೈಫಾ ವೀರನ ಸಮವಸ್ತ್ರ ಪತ್ತೆ’ ಅಂತ ಸುದ್ದಿ ಬರೆದೇಬಿಟ್ಟೆವು. ಕಳಿಸುವ ಮೊದಲು ಒಮ್ಮೆ ಹೋಗಿ ನೋಡಿದ್ದು ಪುಣ್ಯ. ಕೋಟಿನ ಒಳಗೆ ಮಸಿ ಮುದ್ರೆಯಲ್ಲಿ 1943 ಎಂದಿತ್ತು. ಮೈಸೂರು ಲ್ಯಾನ್ಸರ್ಸ್ ಹೈಫಾದಲ್ಲಿ ಕಾದಿದ್ದು 1918ರ ಸೆಪ್ಟೆಂಬರ್ 23ರಂದು. 25 ವರ್ಷದ ಅಂತರ!

ಇದು ನಮ್ಮೊಬ್ಬರ ರೋಗವಲ್ಲ. ಹಳೇ ಕೋಟು ಕಂಡರೆ ಸಾಕು, ಪತ್ರಕರ್ತರಿಗೆ ಹೈಫಾ, ಮುಖಂಡರಿಗೆ ಹಾರ, ಮಾರುವವರಿಗೆ ‘ಅಪರೂಪದ ಮಾಲು’. ತೊಟ್ಟವನು ಯಾರು ಅಂತ ಕೇಳುವವರಿಲ್ಲ.

ಹೈಫಾ ದೊಡ್ಡದೇ. ಆ ಸವಾರರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ, ಕೈಮುಗಿಯೋಣ. ಆದರೆ ಹಲಸೂರಿನ ಮದ್ರಾಸ್ ಸ್ಯಾಪರ್ಸ್‌ನವರು ಸೇತುವೆ ಕಟ್ಟಿದ್ದು, ನೆಲಬಾಂಬು ತೆಗೆದದ್ದು ಸಣ್ಣ ಕೆಲಸವೇ? ಅದೇ ಪಡೆಯ ಸುಬೇದಾರ್ ಸುಬ್ರಮಣಿಯನ್ 1944ರ ಫೆಬ್ರುವರಿಯಲ್ಲಿ ಇಟಲಿಯಲ್ಲಿ, ಜೊತೆಗಾರರನ್ನು ಉಳಿಸಲು ಸಿಡಿಯಲಿದ್ದ ನೆಲಬಾಂಬಿನ ಮೇಲೆ ಬಿದ್ದು ಪ್ರಾಣ ಕೊಟ್ಟರು. ಜಾರ್ಜ್ ಕ್ರಾಸ್ ಬಂತು. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? 1ನೇ ಮೈಸೂರು ಇನ್‌ಫೆಂಟ್ರಿ 1942ರಲ್ಲಿ ಸಿಂಗಪುರದಲ್ಲಿ ಸೆರೆಯಾಯಿತು. ಅವರ ತಾತ ಯಾವ ಊರಿನವರು? ಎಲ್ಲರನ್ನೂ ಹೈಫಾಕ್ಕೆ ಅಟ್ಟಿಬಿಟ್ಟರೆ ಇವರ ಕಥೆ ಹೇಳುವವರು ಯಾರು?

ಆ ಮನೆಯ ಕೋಟಿಗೆ ಮತ್ತೆ ಬರೋಣ. ಭುಜಪಟ್ಟಿಯಲ್ಲಿ ಎರಡು ತೂತು ಉಳಿದಿದ್ದವು. ಅಲ್ಲಿದ್ದ ಹಿತ್ತಾಳೆ ಅಕ್ಷರಗಳನ್ನು ಹಳೇ ಸಾಮಾನು ಕೊಳ್ಳುವವನೊಬ್ಬ ಬಿಚ್ಚಿಕೊಂಡು ಹೋಗಿದ್ದ, ಗುಂಡಿ ಸಮೇತ. ಅವನಿಗೆ ಅದು ತೂಕದ ಲೆಕ್ಕ. ಆದರೆ ತಾತ ಯಾವ ಪಡೆಯವರು ಅಂತ ಹೇಳುತ್ತಿದ್ದದ್ದೇ ಆ ನಾಲ್ಕಾರು ಅಕ್ಷರ. ಅದಿಲ್ಲದೆ ಅದು ರಾಗಿ ಕಣ ಕಾಯುವಾಗ ಚಳಿಗೆ ತೊಟ್ಟುಕೊಳ್ಳುವ ಹಳೇ ಬಟ್ಟೆ, ಅಷ್ಟೆ.

ಕೊನೆಗೆ ಕೈಹಿಡಿದದ್ದು ದೇವರ ಗೂಡಿನ ಡಬ್ಬಿಯಲ್ಲಿದ್ದ ಪದಕ. ಅದರ ಅಂಚಿನಲ್ಲಿ ಸಂಖ್ಯೆ, ಹೆಸರು, ಪಡೆಯ ಅಕ್ಷರ ಕೊರೆದಿತ್ತು. ತಾತ ಸ್ಯಾಪರ್! ಮನೆಯವರು ಒಮ್ಮೆ ಹುಣಸೆಹಣ್ಣು ಹಾಕಿ ಉಜ್ಜಿದ್ದರು. ಇನ್ನೆರಡು ಸಲ ಉಜ್ಜಿದ್ದರೆ ಅದೂ ಸವೆದು ಹೋಗುತ್ತಿತ್ತು. ಮೊದಲ ಮಹಾಯುದ್ಧದ ಬೆಳ್ಳಿ ಪದಕಗಳು ಎಷ್ಟೋ ಕಡೆ ಬೆಳ್ಳಿಯಾಸೆಗೆ ಕರಗಿಯೇ ಹೋದವು.

‘ಸಂಗ್ರಹಕಾರರು ಕೊಳ್ಳದಿದ್ದರೆ ನುಸಿ ತಿನ್ನುತ್ತಿತ್ತು’ ಅನ್ನುತ್ತಾರೆ. ನಿಜ, ಒಪ್ಪುತ್ತೇವೆ. ಕೊಳ್ಳಲಿ. ಆದರೆ ಕೋಟಿನ ಜೊತೆ ಹೆಸರು, ಊರು ಬರೆದ ಚೀಟಿಯನ್ನೂ ಇಟ್ಟುಕೊಳ್ಳಲಿ. ಗುಂಡಿ ಒಬ್ಬನಿಗೆ, ಬ್ಯಾಡ್ಜ್ ಇನ್ನೊಬ್ಬನಿಗೆ ಅಂತ ಬಿಡಿ ಮಾರುವುದು ಸಂಗ್ರಹವಲ್ಲ, ಕಸಾಯಿಖಾನೆ ಕೆಲಸ.

ನಿಮ್ಮ ಮನೆಯ ಟ್ರಂಕಿನಲ್ಲೂ ಇರಬಹುದು. ಒಗೆಯಬೇಡಿ, ಹೊಲಿಗೆ ಬಿಚ್ಚಬೇಡಿ. ಒಳಗಿನ ಮುದ್ರೆ ನೋಡಿ. ಬಾಣದ ಗುರುತಿನ ಕೆಳಗೆ ಇಂಗ್ಲಿಷಿನ ಐ ಅಕ್ಷರವಿದ್ದರೆ ಅದು ಇಂಡಿಯಾದಲ್ಲೇ ತಯಾರಾದ ಸೇನಾ ಬಟ್ಟೆ. ಅಲ್ಲಿನ ಇಸವಿ ಹೊಲಿದ ವರ್ಷ, ಕಾದಿದ ವರ್ಷವಲ್ಲ. ಹಸಿರು ಬಣ್ಣವಾದರೆ ಬರ್ಮಾ ಕಾಡಿನ ಕಡೆ ಹುಡುಕಿ. ಆದರೆ ಬಣ್ಣವೊಂದೇ ಸಾಕ್ಷಿಯಲ್ಲ. ತೂತು, ಗುಂಡಿ, ಬಟ್ಟೆ ಮಾಸದೆ ಉಳಿದ ಜಾಗ ಎಲ್ಲದರ ಫೋಟೊ ತೆಗೆಯಿರಿ. ಯುದ್ಧದಲ್ಲಿ ತೀರಿಕೊಂಡಿದ್ದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ತಾಣದಲ್ಲಿ ಹೆಸರು ಹಾಕಿ ನೋಡಬಹುದು, ದುಡ್ಡು ಬೇಕಿಲ್ಲ. ಸ್ಯಾಪರ್ ಆಗಿದ್ದರೆ ಹಲಸೂರಿನಲ್ಲಿ ಅವರದೇ ಮ್ಯೂಸಿಯಂ ಇದೆ. ಸೇನೆಯ ಜಾಗ, ಅನುಮತಿ ಕೇಳಿಕೊಂಡು ಹೋಗಿ.

ಗ್ರಾಮ ಪಂಚಾಯಿತಿಗಳಿಗೂ ಒಂದು ಮಾತು. ಆಗಸ್ಟ್ 15ಕ್ಕೆ ಭಾಷಣ ಸಾಕು. ನಿಮ್ಮ ಅರಿವು ಕೇಂದ್ರದಲ್ಲಿ ಒಂದು ದಪ್ಪ ನೋಟ್‌ಬುಕ್ ಇಡಿ. ಊರಿನಿಂದ ಯುದ್ಧಕ್ಕೆ ಹೋದವರ ಹೆಸರು, ಸಂಖ್ಯೆ, ಪಡೆ ಬರೆಸಿ. ಖರ್ಚು ನೂರು ರೂಪಾಯಿ ದಾಟುವುದಿಲ್ಲ.

ನಾವು ಬರೆದಿದ್ದ ಸುದ್ದಿ ಅಳಿಸಿದೆವು. ಹೊಸ ತಲೆಬರಹದಲ್ಲಿ ವೀರ ಇಲ್ಲ, ಹೈಫಾ ಇಲ್ಲ. ತಾತನ ಹೆಸರಿದೆ, ಊರಿದೆ, ಸ್ಯಾಪರ್ ಎಂದಿದೆ. ಅದನ್ನು ಓದಿ ಹೇಳಿದಾಗ ಮನೆಯವರು ಇನ್ನೊಮ್ಮೆ ಓದಿ ಅಂದರು.