ಹದಿನೆಂಟು ಪೆನ್ಸಿನ ರೂಪಾಯಿ

ರೂಪಾಯಿಯ ಬೆಲೆ ಇಳಿಯಿತೆಂಬ ವಾರ್ತೆ ಬಂದಾಗಲೆಲ್ಲ ನಮ್ಮ ಜನರಲ್ಲಿ ಒಂದು ನಿಟ್ಟುಸಿರು ಕೇಳಿಬರುತ್ತದೆ. 1947ರಲ್ಲಿ ಒಂದು ರೂಪಾಯಿಗೆ ಒಂದು ಡಾಲರು ದೊರೆಯುತ್ತಿತ್ತಂತೆ; ಸ್ವತಂತ್ರರಾದ ಮೇಲೆ ನಾವು ಆ ಗೌರವವನ್ನು ಕಳೆದುಕೊಂಡೆವಂತೆ! ಈ ಮಾತು ಎಷ್ಟು ಹರಡಿದೆಯೋ ಅಷ್ಟೇ ಸುಳ್ಳು. ಆ ವರ್ಷ ಒಂದು ಪೌಂಡಿಗೆ 13 ರೂಪಾಯಿ 5 ಆಣೆ 4 ಪೈ ದರವಿತ್ತು. ಪೌಂಡಿಗೆ ನಾಲ್ಕು ಡಾಲರಿಗಿಂತ ತುಸು ಹೆಚ್ಚು ಸಿಗುತ್ತಿತ್ತು. ಆದುದರಿಂದ ಡಾಲರಿನ ಬೆಲೆ ಸುಮಾರು 3 ರೂಪಾಯಿ 5 ಆಣೆ. ಆದರೆ ಲೆಕ್ಕದ ತಪ್ಪಿಗಿಂತಲೂ ಅದರ ಹಿಂದಿನ ಭಾವನೆಯೇ ನಮ್ಮನ್ನು ಹೆಚ್ಚು ಕಳವಳಗೊಳಿಸುತ್ತದೆ. ದರ ಮೇಲಿದ್ದರೆ ದೇಶದ ಮಾನವೂ ಮೇಲೆಂದು ತಿಳಿದವರು, ಅಂಥ ಮೇಲಿನ ದರದ ವಿರುದ್ಧವೇ ನಮ್ಮ ಹಿರಿಯರು ವರ್ಷಗಟ್ಟಲೆ ಹೋರಾಡಿದರೆಂಬುದನ್ನು ಮರೆತಿದ್ದಾರೆ.

ರೂಪಾಯಿ ಬೆಳ್ಳಿಯ ನಾಣ್ಯ, ಪೌಂಡು ಚಿನ್ನದ್ದು. 1870ರ ಸುಮಾರಿಗೆ ಎರಡು ಶಿಲ್ಲಿಂಗಿಗೆ ಸಮೀಪವಾಗಿದ್ದ ರೂಪಾಯಿ, ಲೋಕದಲ್ಲಿ ಬೆಳ್ಳಿ ಅಗ್ಗವಾದಂತೆಲ್ಲ ಇಳಿಯುತ್ತ ಬಂದಿತು. ಇದರಿಂದ ಮೊದಲು ಕಂಗೆಟ್ಟವರು ಸರಕಾರದವರು. ಸಾಲದ ಬಡ್ಡಿ, ನಿವೃತ್ತ ಅಧಿಕಾರಿಗಳ ಪಿಂಚಣಿ, ಇಂಡಿಯಾ ಆಫೀಸಿನ ವೆಚ್ಚ, ಇವೆಲ್ಲವುಗಳನ್ನೂ ಅವರು ‘ಹೋಮ್ ಚಾರ್ಜಸ್’ ಎಂಬ ಹೆಸರಿನಿಂದ ಪ್ರತಿವರ್ಷ ಲಂಡನ್ನಿನಲ್ಲಿ ಪೌಂಡುಗಳಲ್ಲಿ ತೆರಬೇಕಾಗಿತ್ತು. ತೆರಿಗೆ ಬರುತ್ತಿದ್ದುದು ಮಾತ್ರ ರೂಪಾಯಿಗಳಲ್ಲಿ. 1893ರಲ್ಲಿ ಟಂಕಸಾಲೆಗಳು ಜನರ ಬೆಳ್ಳಿಗೆ ಮುಚ್ಚಿದವು. ನಾಣ್ಯವನ್ನು ಹೀಗೆ ದುರ್ಲಭಗೊಳಿಸಿ, 1899ರ ಹೊತ್ತಿಗೆ ರೂಪಾಯಿಯನ್ನು 1 ಶಿಲ್ಲಿಂಗ್ 4 ಪೆನ್ಸಿಗೆ, ಎಂದರೆ ಪೌಂಡಿಗೆ 15 ರೂಪಾಯಿಗೆ ನಿಲ್ಲಿಸಲಾಯಿತು.

ಮೊದಲನೆಯ ಮಹಾಯುದ್ಧದಲ್ಲಿ ಬೆಳ್ಳಿ ತುಟ್ಟಿಯಾಗಿ ಈ ಕಟ್ಟು ಮುರಿಯಿತು. 1920ರಲ್ಲಿ ಎರಡು ಶಿಲ್ಲಿಂಗಿನ ದರವನ್ನು ಹಿಡಿಯಹೊರಟ ಸರಕಾರ, ಸುಮಾರು ಐದೂವರೆ ಕೋಟಿ ಪೌಂಡುಗಳ ಹುಂಡಿಗಳನ್ನು ಅಗ್ಗವಾಗಿ ಮಾರಿ, ಕೊನೆಗೆ ಕೈಚೆಲ್ಲಿತು. ದಾದಿಬಾ ದಲಾಲರು ಬೇಡವೆಂದು ಭಿನ್ನಮತ ಬರೆದಿದ್ದರು. ಕೇಳಿದವರಾರು?

ನಿಜವಾದ ಕಲಹ ನಡೆದದ್ದು 1926 ಮತ್ತು 27ರಲ್ಲಿ. ಹಿಲ್ಟನ್ ಯಂಗ್ ಆಯೋಗವು 1 ಶಿಲ್ಲಿಂಗ್ 6 ಪೆನ್ಸ್ ಆಗಬೇಕೆಂದಿತು; ಬೆಲೆಗಳೂ ಕೂಲಿಗಳೂ ಆಗಲೇ ಆ ದರಕ್ಕೆ ಹೊಂದಿಕೊಂಡಿವೆ ಎಂಬುದು ಅದರ ವಾದ. ಹೊಂದಿಕೊಂಡಿಲ್ಲವೆಂದು, ಹದಿನಾರು ಪೆನ್ಸೇ ಇರಲೆಂದು, ಸರ್ ಪುರುಷೋತ್ತಮದಾಸ ಠಾಕೂರದಾಸರೊಬ್ಬರೇ ಪ್ರತ್ಯೇಕವಾಗಿ ಬರೆದರು. ಎರಡು ಪೆನ್ಸಿನ ಮಾತಿಗೆ ಇಷ್ಟು ಗದ್ದಲವೇಕೆ ಎಂದು ವಾಚಕರು ಕೇಳಬಹುದು. ಹುಬ್ಬಳ್ಳಿಯ ಇಲ್ಲವೆ ಗದಗಿನ ಪೇಟೆಗೆ ಹತ್ತಿ ತಂದ ರೈತನನ್ನೇ ನೆನೆಯೋಣ. ಅವನ ಹತ್ತಿಗೆ ಇಂಗ್ಲೆಂಡಿನಲ್ಲಿ ಒಂದು ಪೌಂಡು ಬೆಲೆ ಕಟ್ಟಿದರೆ, ಹಳೆಯ ದರದಲ್ಲಿ ಇಲ್ಲಿ ಅದು 15 ರೂಪಾಯಿ. ಹೊಸ ದರದಲ್ಲಿ 13 ರೂಪಾಯಿ 5 ಆಣೆ 4 ಪೈ. ನಡುವಿನ ದಲಾಲಿ ಸಾಗಣೆಗಳ ಮಾತು ಬೇರೆ. ಒಂಬತ್ತರಲ್ಲಿ ಒಂದು ಪಾಲು ಹೀಗೆ ಸದ್ದಿಲ್ಲದೆ ಹೋಯಿತು. ಆದರೆ ಅವನ ಕಂದಾಯ ಒಂದು ಕಾಸೂ ಕಡಿಮೆಯಾಗಲಿಲ್ಲ. ಸಾಹುಕಾರನ ಪತ್ರದಲ್ಲಿದ್ದ ಅಂಕಿಯೂ ಕದಲಲಿಲ್ಲ. ಇತ್ತ ಲಂಡನ್ನಿಗೆ ಒಂದು ಕೋಟಿ ಪೌಂಡು ಕಳುಹಿಸುವಲ್ಲಿ ಸರಕಾರಕ್ಕೆ ಒಂದು ಕೋಟಿ 66 ಲಕ್ಷ ರೂಪಾಯಿಗೂ ಮಿಕ್ಕಿ ಉಳಿಯಿತು. ಲಂಕಾಶಾಯರಿನ ಬಟ್ಟೆಯೂ ಅಷ್ಟೇ ಪ್ರಮಾಣದಲ್ಲಿ ನಮ್ಮ ಅಂಗಡಿಗಳಲ್ಲಿ ಅಗ್ಗವಾಯಿತು. 1927ರ ಮಾರ್ಚಿನಲ್ಲಿ ಕೇಂದ್ರ ಶಾಸನಸಭೆಯಲ್ಲಿ ಕೆಲವೇ ಮತಗಳ ಅಂತರದಿಂದ ಹದಿನೆಂಟು ಪೆನ್ಸು ಗೆದ್ದಿತು.

ಎದುರುಪಕ್ಷದ ಮಾತನ್ನೂ ಹೇಳದಿರುವುದು ಪ್ರಾಮಾಣಿಕತೆಯಲ್ಲ. ಅಗ್ಗದ ಬಟ್ಟೆಯನ್ನು ಕೊಂಡವರಲ್ಲಿ ನಮ್ಮ ಬಡವರೂ ಇದ್ದರು. ಗೊತ್ತಾದ ಸಂಬಳದವನಿಗೆ ಮೇಲಿನ ದರ ಹಿತವೇ ಆಗಿತ್ತು. ಹದಿನಾರು ಪೆನ್ಸಿನ ಕೂಗಿನಲ್ಲಿ ಮುಂಬಯಿಯ ಗಿರಣಿ ಮಾಲೀಕರ ದನಿ ರೈತನ ದನಿಗಿಂತ ಗಟ್ಟಿಯಾಗಿತ್ತೆಂಬುದನ್ನೂ ನಾವು ಅಲ್ಲಗಳೆಯುವುದಿಲ್ಲ. ನಾಣ್ಯಕ್ಕೆ ವಿನಿಮಯದ ಸ್ಥಿರತೆಗಿಂತ ಒಳನಾಡಿನ ಬೆಲೆಗಳ ಸ್ಥಿರತೆ ಮುಖ್ಯವೆಂದು ಡಾಕ್ಟರ್ ಅಂಬೇಡ್ಕರರು 1923ರಲ್ಲಿಯೇ ತಮ್ಮ ರೂಪಾಯಿಯ ಗ್ರಂಥದಲ್ಲಿ ವಾದಿಸಿದ್ದರು. ಆ ಮಾತನ್ನು ಎರಡೂ ಪಕ್ಷಗಳು ಇನ್ನಷ್ಟು ಗಮನಿಸಬೇಕಾಗಿತ್ತು.

ಆದರೆ ಮುಂದೆ ನಡೆದದ್ದು ರೈತನ ಪಕ್ಷವನ್ನೇ ಸಮರ್ಥಿಸಿತು. 1929ರಿಂದ ಲೋಕದಲ್ಲೆಲ್ಲ ಧಾರಣೆಗಳು ಕುಸಿದಾಗಲೂ, ಹದಿನೆಂಟು ಪೆನ್ಸನ್ನು ಕಾಯುವುದಕ್ಕಾಗಿ ಸರಕಾರ ಚಲಾವಣೆಯ ಹಣವನ್ನು ಬಿಗಿಹಿಡಿಯಿತು. ಗಾಂಧೀಜಿಯವರು 1930ರ ಜನವರಿಯಲ್ಲಿ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಎರಡನೆಯದೇ ಈ ದರವನ್ನು ಹದಿನಾರು ಪೆನ್ಸಿಗೆ ಇಳಿಸಬೇಕೆಂಬುದು. ಕಂದಾಯದ ಮತ್ತು ಉಪ್ಪಿನ ತೆರಿಗೆಯ ಬೇಡಿಕೆಗಳು ಅದರ ಬೆನ್ನಿಗೇ ಇದ್ದವು. ಉಪ್ಪನ್ನು ನಾಡೆಲ್ಲ ಬಲ್ಲದು. ಎರಡು ಪೆನ್ಸನ್ನು ಬಲ್ಲವರು ಎಷ್ಟು ಮಂದಿ? 1931ರ ಸೆಪ್ಟೆಂಬರ್ 21ರಂದು ಇಂಗ್ಲೆಂಡು ಚಿನ್ನದ ಪ್ರಮಾಣವನ್ನು ಬಿಟ್ಟಾಗ, ರೂಪಾಯಿಯನ್ನು ಅದೇ ದರದಲ್ಲಿ ಪೌಂಡಿಗೆ ಕಟ್ಟಿಹಾಕಿದ ಘೋಷಣೆ ಹೊರಟಿದ್ದು ಲಂಡನ್ನಿನ ಭಾರತಮಂತ್ರಿಯ ಬಾಯಿಂದ. ಚಿನ್ನ ತುಟ್ಟಿಯಾಯಿತು. ಬೆಳೆಗೆ ಬೆಲೆಯಿಲ್ಲದ ಮನೆಗಳಿಂದ ಹೆಣ್ಣುಮಕ್ಕಳ ಒಡವೆಗಳು ಕರಗಿ ಹಡಗನ್ನೇರಿದವು. ರೂಪಾಯಿಯ ಗೌರವವೇನೋ ಹದಿನೆಂಟು ಪೆನ್ಸಿನಲ್ಲಿ ಭದ್ರವಾಗಿಯೇ ಇತ್ತು!

ಇಂದು ರೂಪಾಯಿ ಇಳಿದರೆ ತೈಲವೂ ಗೊಬ್ಬರವೂ ತುಟ್ಟಿಯಾಗುವುವು. ಆ ಚಿಂತೆ ಸಹಜ, ಅದರ ಲೆಕ್ಕವನ್ನು ಸರಕಾರದಿಂದ ಕೇಳಬೇಕಾದುದೇ. ಆದರೆ ಹದಿನೆಂಟು ಪೆನ್ಸಿನ ಕಾಲವನ್ನು ವೈಭವವೆಂದು ಕರೆಯುವವರೊಡನೆ ನಾವು ಸೇರಲಾರೆವು.

ವಿಚಿತ್ರವೆಂದರೆ ಆ ದರ ಆಂಗ್ಲರೊಡನೆ ಹೋಗಲಿಲ್ಲ. 1949ರಲ್ಲಿ ಪೌಂಡು ಡಾಲರಿನೆದುರು ಇಳಿದಾಗ ದೆಹಲಿಯೂ ರೂಪಾಯಿಯನ್ನು ಜೊತೆಗೇ ಇಳಿಸಿ ಹಳೆಯ ಗಂಟನ್ನು ಹಾಗೆಯೇ ಉಳಿಸಿಕೊಂಡಿತು. ಡಾಲರು 4 ರೂಪಾಯಿ 12 ಆಣೆಗೆ ಏರಿತು. 1966ರ ಜೂನ್ 6ರಂದು ಪೌಂಡಿಗೆ 21 ರೂಪಾಯಿ ಎಂದು ಸಾರಿದಾಗಲೇ, 39 ವರ್ಷಗಳ ಮೇಲೆ, ಹದಿನೆಂಟು ಪೆನ್ಸು ಹೋಯಿತು. ಮರುವರ್ಷ ನವೆಂಬರಿನಲ್ಲಿ ಪೌಂಡು ಮತ್ತೆ ಇಳಿದಾಗ ರೂಪಾಯಿ ಅದರ ಬೆನ್ನು ಹತ್ತಲಿಲ್ಲ. ಪೌಂಡು 18 ರೂಪಾಯಿಗೆ ಬಂದಿತು. ಪೌಂಡಿಗೆ ಕಟ್ಟಿದ್ದ ಹಗ್ಗವನ್ನು ಭಾರತ ಪೂರ್ತಿಯಾಗಿ ಬಿಚ್ಚಿದ್ದು 1975ರ ಸೆಪ್ಟೆಂಬರಿನಲ್ಲಿ.