ಅಂಗಳದಲ್ಲಿ ಕ್ಯಾಮೆರಾ, ನಡುಮನೆಯಲ್ಲಿ ಚಂದ್ರ

ಗ್ರಹಣದ ಹೊತ್ತಿನಲ್ಲಿ ನಮ್ಮ ಅವ್ವ ಹೊಸಿಲು ದಾಟುವವಳಲ್ಲ. ಎಂಬತ್ತು ಮೀರಿದ ಜೀವ; ಊರ ಮಕ್ಕಳಿಗೆಲ್ಲ ವಿಜ್ಞಾನ ಹೇಳಿದ ಮಗನ ಮಾತಿಗೂ ಜಗ್ಗುವುದಿಲ್ಲ. 2025ರ ಸೆಪ್ಟೆಂಬರ್ 7ರ ರಾತ್ರಿ ಪೂರ್ಣ ಚಂದ್ರಗ್ರಹಣ. ಹೊಳಲ್ಕೆರೆಯ ನಮ್ಮ ಮನೆಯ ಅಂಗಳದಲ್ಲಿ ಕ್ಯಾಮೆರಾ ನಿಲ್ಲಿಸಿ, ಅದನ್ನು ನಡೆಸುವ ಕಂಪ್ಯೂಟರನ್ನು ಅವ್ವ ಕೂತಿದ್ದ ನಡುಮನೆಯಲ್ಲೇ ಇಟ್ಟೆ.

ದೂರದಿಂದ ನಡೆಸುವುದೇಕೆ ಎಂದು ನೀವು ಕೇಳಬಹುದು. ಉದ್ದನೆಯ ಲೆನ್ಸ್ ಹಾಕಿದಾಗ ಗುಂಡಿ ಒತ್ತುವ ಬೆರಳೇ ಚಿತ್ರಕ್ಕೆ ಶತ್ರು. ಮುಕ್ಕಾಲಿಯ ಮೇಲಿದ್ದರೂ ಕ್ಯಾಮೆರಾ ಅಲುಗಿ ಚಂದ್ರ ಮಸುಕಾಗುತ್ತಾನೆ. ಕಂಪ್ಯೂಟರಿನಿಂದ ಆದೇಶ ಹೋದರೆ ಆ ಕಾಟವಿಲ್ಲ.

ಬೇಕಾದದ್ದು ಒಂದು ಯುಎಸ್‌ಬಿ ತಂತಿ ಮತ್ತು ತಂತ್ರಾಂಶ. ಸಾಮಾನ್ಯ ತಂತಿ ಐದು ಮೀಟರ್ ಮೀರಬಾರದು. ಕ್ಯಾನನ್ ಕ್ಯಾಮೆರಾಗಳಿಗೆ ಕಂಪನಿಯದೇ ಆದ ಇಒಎಸ್ ಯುಟಿಲಿಟಿ ಇದೆ. ವಿಂಡೋಸ್‌ಗೆ ಡಿಜಿಕ್ಯಾಮ್‌ಕಂಟ್ರೋಲ್, ಲಿನಕ್ಸ್‌ಗೆ ಜಿಫೋಟೊ2 ಉಚಿತವಾಗಿ ಸಿಗುತ್ತವೆ. ನಿಮ್ಮ ಕ್ಯಾಮೆರಾದ ಮಾದರಿ ಅವುಗಳ ಪಟ್ಟಿಯಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಅಪರ್ಚರ್, ಶಟರ್ ವೇಗ, ಐಎಸ್‌ಒ ಮೂರನ್ನೂ ಕೂತಲ್ಲಿಂದಲೇ ಬದಲಿಸಬಹುದು. ಪರದೆಯ ಮೇಲೆ ಚಂದ್ರನ ಅಂಚನ್ನು ಹಿಗ್ಗಿಸಿ ಫೋಕಸ್ ಸರಿಪಡಿಸಬಹುದು.

ಆದರೆ ಕಂಪ್ಯೂಟರ್ ಆಳೇ ಹೊರತು ಯಜಮಾನನಲ್ಲ. ಹುಣ್ಣಿಮೆಯ ಚಂದ್ರನಿಗೆಂದು ಎಫ್/8, 1/250 ಸೆಕೆಂಡ್, ಐಎಸ್‌ಒ 100 ಇಟ್ಟಿದ್ದೆ. ರಾತ್ರಿ 11ಕ್ಕೆ ಚಂದ್ರ ಭೂಮಿಯ ನೆರಳಿನಲ್ಲಿ ಪೂರ್ತಿ ಮುಳುಗಿದಾಗ ಪರದೆ ಬರೀ ಕಪ್ಪು! ಬೆಳಕು ಸಾವಿರಾರು ಪಟ್ಟು ಕುಗ್ಗಿದ್ದನ್ನು ನಾನು ಮರೆತಿದ್ದೆ, ಕಂಪ್ಯೂಟರ್ ನೆನಪಿಸಲಿಲ್ಲ. ಎಫ್/5.6, ಒಂದು ಸೆಕೆಂಡ್, ಐಎಸ್‌ಒ 1600 ಮಾಡಿದೆ. ಲೆಕ್ಕ ಹಾಕಿದರೆ ಎಂಟು ಸಾವಿರ ಪಟ್ಟು ಹೆಚ್ಚು. ಶಟರನ್ನು ಇನ್ನೂ ಹೊತ್ತು ತೆರೆದಿಟ್ಟರೆ ಭೂಮಿಯ ತಿರುಗುವಿಕೆಯೇ ಚಿತ್ರವನ್ನು ಎಳೆದುಬಿಡುತ್ತದೆ. ಅದೇ ಕಾರಣಕ್ಕೆ ಚಂದ್ರ ಚೌಕಟ್ಟಿನಿಂದ ಜಾರುತ್ತಲೇ ಇರುತ್ತಾನೆ. ಅಂಗಳದಲ್ಲಿದ್ದ ನನ್ನ ಶಿಷ್ಯರು ಮುಕ್ಕಾಲಿಯ ತಲೆಯನ್ನು ಆಗಾಗ ತಿರುಗಿಸಬೇಕಾಯಿತು. ಆ ಕೆಲಸ ತಂತಿಯಿಂದಾಗದು.

ನಮ್ಮ ಜಿಲ್ಲೆಗೆ ಈ ದೂರದ ಕಣ್ಣು ಹೊಸತಲ್ಲ. ಚಂದ್ರಯಾನದ ಲ್ಯಾಂಡರ್‌ನ ಸಂವೇದಕಗಳನ್ನು ಪರೀಕ್ಷಿಸಲು ಇಸ್ರೊ ಚಳ್ಳಕೆರೆ ಬಳಿಯ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನಲ್ಲಿರುವಂಥ ಕುಳಿಗಳನ್ನು ತೋಡಿಸಿತ್ತು. 2023ರ ಆಗಸ್ಟ್ 30ರಂದು ಚಂದ್ರನ ಮೇಲೆ ಪ್ರಜ್ಞಾನ್ ರೋವರ್ ವಿಕ್ರಮನ ಚಿತ್ರ ತೆಗೆಯಿತು. ಅಲ್ಲಿಗೆ ಸಂಕೇತ ತಲುಪಲು ಸುಮಾರು 1.3 ಸೆಕೆಂಡ್ ಬೇಕು. ನಮ್ಮ ನಡುಮನೆಯಿಂದ ಅಂಗಳಕ್ಕೆ ಕ್ಷಣವೂ ಬೇಡ. ಎರಡೂ ಕಡೆ ಗುಂಡಿಯ ಬಳಿ ಇಲ್ಲದವರು ಬೆಳಕಿನ ಲೆಕ್ಕವನ್ನು ಮುಂಚೆಯೇ ಬಲ್ಲವರಾಗಿರಬೇಕು.

ಪರದೆಯ ಮೇಲೆ ಕೆಂಪು ಚಂದ್ರ ಮೂಡಿದಾಗ ಅವ್ವ ಕನ್ನಡಕ ಸರಿಮಾಡಿಕೊಂಡಳು.

"ತಾಮ್ರದ ತಟ್ಟೆ ಇದ್ದಂಗೈತಲ್ಲೋ! ರಕ್ತ ಅಲ್ವೇನೋ ಇದು?"

"ಅಲ್ಲವ್ವ. ಭೂಮಿ ಸುತ್ತ ಇರೋ ಗಾಳಿ ಸೂರ್ಯನ ಬೆಳಕನ್ನ ಬಗ್ಗಿಸಿ ಕಳಿಸ್ತದೆ. ನೀಲಿ ಚದುರಿ ಕೆಂಪು ಮಾತ್ರ ಉಳೀತದೆ. ಸಂಜೆ ಆಕಾಶ ಕೆಂಪಾಗಲ್ವಾ, ಹಂಗೆ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ ಎದ್ದು, ಬಾಗಿಲವಾಡ ಹಿಡಿದು, ಕತ್ತು ಹೊರಚಾಚಿ ಮೇಲೆ ನೋಡಿದಳು. ಹೊಸಿಲು ದಾಟಲಿಲ್ಲ. ಅಲ್ಲಿವರೆಗೆ ಬಂದದ್ದೇ ಆ ರಾತ್ರಿಯ ನನ್ನ ಒಳ್ಳೆಯ ಚಿತ್ರ; ಅದನ್ನು ಮಾತ್ರ ತೆಗೆಯಲಿಲ್ಲ.