ಸ್ಥಾಲೀಪುಲಾಕನ್ಯಾಯವೂ ಆಟಿಸಂ ಚಳವಳಿಯೂ

ಮಡಕೆಯ ಅನ್ನ ಬೆಂದಿತೋ ಇಲ್ಲವೋ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕೆಂಬುದು ಸ್ಥಾಲೀಪುಲಾಕನ್ಯಾಯವು. ಆದರೆ ಅಗುಳುಗಳಿಗೆಲ್ಲ ಒಂದೇ ಉರಿ ತಗುಲಿದ್ದರೆ ಮಾತ್ರ ಈ ನ್ಯಾಯವು ಸಲ್ಲುವುದು. ಅಮೆರಿಕಾ ದೇಶದಲ್ಲಿ ಆಟಿಸಂ ಉಳ್ಳವರ ಹಕ್ಕುಗಳಿಗಾಗಿ ವಾದಿಸುವವರಲ್ಲಿ ಕೆಲವರು ಈ ನಿಬಂಧನೆಯನ್ನು ಮರೆತಿರುವರು. ಎಲ್ಲರೂ ಮೊದಲು ಆಟಿಸಂ ಉಳ್ಳವರು, ವರ್ಣ ಲಿಂಗಗಳ ಮಾತೆತ್ತಿದರೆ ಒಗ್ಗಟ್ಟು ಒಡೆಯುವುದು ಎಂಬುದು ಅವರ ಪೂರ್ವಪಕ್ಷವು.

ಈ ಚಳವಳಿಯ ಹಿರಿಮೆಯನ್ನು ಅಲ್ಲಗಳೆಯಲಾಗದು. 1993ರಲ್ಲಿ ಜಿಮ್ ಸಿಂಕ್ಲೇರ್ ಎಂಬವರು, ತಾವೇ ಆಟಿಸಂ ಉಳ್ಳವರಾಗಿ, ತಮ್ಮಂಥವರ ಬದುಕು ಶೋಕಿಸತಕ್ಕದ್ದಲ್ಲವೆಂದು ತಂದೆತಾಯಿಗಳಿಗೆ ಧೈರ್ಯದಿಂದ ಹೇಳಿದರು. ಆದರೆ ಹೀಗೆ ಹೇಳಿಕೊಳ್ಳಬೇಕಾದರೆ, ತನಗಿರುವುದು ಆಟಿಸಂ ಎಂದು ಮೊದಲು ಗೊತ್ತಾಗಬೇಕಷ್ಟೆ! ಗೊತ್ತಾಗುವುದು ಯಾರಿಗೆ, ಯಾವ ವಯಸ್ಸಿಗೆ?

1943ರಲ್ಲಿ ವೈದ್ಯ ಲಿಯೋ ಕ್ಯಾನರರು ಮೊದಲು ವರ್ಣಿಸಿದ ಹನ್ನೊಂದು ಮಕ್ಕಳಲ್ಲಿ ಎಂಟು ಗಂಡು, ಮೂರು ಹೆಣ್ಣು. ಕರಿಯ ಮಗು ಒಂದೂ ಇಲ್ಲ. ಮನೆಗಳೆಲ್ಲ ವಿದ್ಯಾವಂತರವು. ಅದೇ ಒಂದು ಅಗುಳಾಯಿತು. 2002ರಲ್ಲಿ ಪ್ರಕಟವಾದ ಫಿಲಡೆಲ್ಫಿಯಾ ನಗರದ ಶೋಧನೆಯೊಂದರ ಪ್ರಕಾರ, ಬಿಳಿಯ ಮಕ್ಕಳಿಗೆ ಸರಾಸರಿ 6.3 ವರ್ಷಕ್ಕೆ ಆಟಿಸಂ ಎಂದು ನಿರ್ಣಯವಾದರೆ ಕರಿಯ ಮಕ್ಕಳಿಗೆ 7.9 ವರ್ಷಕ್ಕೆ. ಎರಡು ಬಗೆಯವರೂ ಮೆಡಿಕೇಡ್ ಎಂಬ ಸರಕಾರೀ ವೈದ್ಯಸಹಾಯಕ್ಕೆ ಅರ್ಹರಾದ ಬಡವರೇ. ಬಡತನವೊಂದೇ ಕಾರಣವೆನ್ನುವವರು ಇದಕ್ಕೇನು ಹೇಳುವರು? 2023ರಲ್ಲಿ ಪ್ರಕಟವಾದ ಸರಕಾರೀ ಲೆಕ್ಕದಲ್ಲಿ, ಎಂಟು ವರ್ಷದ ಮಕ್ಕಳ ಪೈಕಿ ಸಾವಿರಕ್ಕೆ ಬಿಳಿಯರಲ್ಲಿ 24.3, ಕರಿಯರಲ್ಲಿ 29.3 ಮಂದಿಗೆ ಆಟಿಸಂ ಗುರುತಿಸಲ್ಪಟ್ಟಿತು. ಇದ್ದಕ್ಕಿದ್ದಂತೆ ಮಕ್ಕಳು ಬದಲಾಗಲಿಲ್ಲ. ನೋಡುವ ಕಣ್ಣುಗಳು ತಡವಾಗಿ ತೆರೆದವು.

ನ್ಯಾಯಾಲಯಗಳೂ ಈ ತಪ್ಪಿನಿಂದ ಹೊರತಲ್ಲ. 1976ರಲ್ಲಿ ಜನರಲ್ ಮೋಟರ್ಸ್ ಕಂಪನಿಯ ಮೇಲೆ ಕರಿಯ ಹೆಂಗಸರು ಹೂಡಿದ ವ್ಯಾಜ್ಯದಲ್ಲಿ, ವರ್ಣದ ದೂರನ್ನಾಗಲಿ ಸ್ತ್ರೀತ್ವದ ದೂರನ್ನಾಗಲಿ ತರಬಹುದು, ಎರಡನ್ನೂ ಬೆರೆಸಿ ತರಕೂಡದು ಎಂದು ತೀರ್ಪಾಯಿತು. ಬಿಳಿಯ ಹೆಂಗಸರಿಗೆ ಕೆಲಸ ಸಿಕ್ಕಿತ್ತಾದ್ದರಿಂದ ಹೆಂಗಸರಿಗೆ ಅನ್ಯಾಯವಿಲ್ಲವಂತೆ! ಈ ವಿಚಿತ್ರ ತರ್ಕವನ್ನು ಬಯಲುಮಾಡಿ ಕಿಂಬರ್ಲೆ ಕ್ರೆನ್‌ಷಾ ಎಂಬ ನ್ಯಾಯಶಾಸ್ತ್ರಜ್ಞೆ 1989ರಲ್ಲಿ ಇಂಟರ್‌ಸೆಕ್ಷನಾಲಿಟಿ ಎಂಬ ಪದವನ್ನು ತಂದರು. ದಾರಿಗಳು ಕೂಡುವೆಡೆಯಲ್ಲಿ ನಿಂತವನಿಗೆ ಹಲವು ಕಡೆಯಿಂದ ಪೆಟ್ಟು ಬೀಳುವುದೆಂದು ಅದರ ಭಾವ. ಹೆಸರು ಕಠಿಣ, ವಿಷಯ ಸರಳ.

ಒಗ್ಗಟ್ಟು ಒಡೆಯುವುದೆಂಬ ಆಕ್ಷೇಪವಿನ್ನು ಉಳಿಯಿತು. ಬೇರೆ ಬೇರೆ ಪೆಟ್ಟು ತಿಂದವರಿಗೆ ಬಾಯಿ ಮುಚ್ಚಿರೆಂದು ಹೇಳಿ ಪಡೆದ ಒಗ್ಗಟ್ಟು ಎಂಥದು? 2017ರಲ್ಲಿ ಕರಿಯರೂ ಇತರ ಬಿಳಿಯರಲ್ಲದವರೂ ಆದ ಆಟಿಸಂ ಉಳ್ಳವರು ತಮ್ಮ ಬರಹಗಳ ದೊಡ್ಡ ಸಂಕಲನವನ್ನೇ ಹೊರತಂದರು. ಅವರು ಚಳವಳಿಯನ್ನು ಬಿಟ್ಟುಹೋದವರಲ್ಲ, ಅದರೊಳಗೆ ಸ್ಥಳ ಕೇಳಿದವರು.

ಸ್ಥಳವೇಕೆ ಬೇಕೆಂದರೆ, 2010ರಲ್ಲಿ ವರ್ಜೀನಿಯಾ ಪ್ರಾಂತದಲ್ಲಿ ನಡೆದುದನ್ನು ನೋಡಬಹುದು. ಹದಿನೆಂಟು ವರ್ಷದ ಒಬ್ಬ ಕರಿಯ ಆಟಿಸಂ ತರುಣನು ಪುಸ್ತಕಾಲಯದ ಬಾಗಿಲು ತೆರೆಯಲೆಂದು ಹೊರಗೆ ಕುಳಿತು ಕಾಯುತ್ತಿದ್ದನು. ಯಾರೋ ಅನುಮಾನಪಟ್ಟು ಪೊಲೀಸರಿಗೆ ತಿಳಿಸಿದರು. ಅವನ ಬಳಿ ಆಯುಧವಿರಲಿಲ್ಲ. ಹಿಡಿಯಹೋದಾಗ ಜಗಳವಾಗಿ ಅಧಿಕಾರಿಗೆ ಗಾಯವಾಯಿತು. ಹುಡುಗನು ಸೆರೆಮನೆಗೆ, ಏಕಾಂತ ಬಂಧನಕ್ಕೆ ಹೋದನು. 2015ರಲ್ಲಿ ಷರತ್ತಿನ ಮೇಲೆ ಕ್ಷಮೆಯಾಯಿತು. ಪೂರ್ಣ ಕ್ಷಮೆ ದೊರೆತದ್ದು 2021ರಲ್ಲಿ, ಕಾಯತೊಡಗಿ ಹನ್ನೊಂದು ವರ್ಷಗಳಾದ ಮೇಲೆ.